ಹುತ್ತದ ಊರಿನಲ್ಲಿ ಬಿಸಿಯೇರುವ ಆಂಪ್ಲಿಫೈಯರ್

ಪಶ್ಚಿಮ ಘಟ್ಟದ ಬುಡದಲ್ಲಿ, ಕುಮಾರಧಾರಾ ನದಿಯ ದಡದಲ್ಲಿರುವ ಊರು ಸುಬ್ರಹ್ಮಣ್ಯ. ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಬರುವವರು ಗುಂಡ್ಯದಲ್ಲಿ ಎಡಕ್ಕೆ ತಿರುಗಿದರೆ ಕಾಡಿನ ನಡುವಿನ ರಸ್ತೆ ಅವರನ್ನು ಇಲ್ಲಿಗೆ ತಲುಪಿಸುತ್ತದೆ. ಹಿಂದೆ ಸುಳ್ಯ ತಾಲ್ಲೂಕಿಗೆ ಸೇರಿದ್ದ ಊರು ಈಗ ಕಡಬ ತಾಲ್ಲೂಕಿನಲ್ಲಿದೆ. ಬೆನ್ನಿಗೆ 1712 ಮೀಟರ್ ಎತ್ತರದ ಕುಮಾರ ಪರ್ವತ. ಸುತ್ತಲೂ ಅಡಿಕೆ, ತೆಂಗು, ರಬ್ಬರ್ ತೋಟಗಳು.

ಯಾತ್ರಿಕರು ಈ ಊರನ್ನು ನೆನಪಿಟ್ಟುಕೊಳ್ಳುವುದು ಹೆಚ್ಚಾಗಿ ಮಾರ್ಗಶಿರದ ಚಂಪಾಷಷ್ಠಿಯ ರಥೋತ್ಸವಕ್ಕಾಗಿ. ಮಲೆಕುಡಿಯ ಜನಾಂಗದವರು ಕಾಡಿನ ಬೆತ್ತದಿಂದ ಕಟ್ಟುವ ಆ ರಥವನ್ನು ನೋಡಲು ನವೆಂಬರ್-ಡಿಸೆಂಬರ್ ತಿಂಗಳ ಹಿತವಾದ ಹವೆಯಲ್ಲಿ ಜನ ಸೇರುತ್ತಾರೆ. ಆದರೆ ಸುತ್ತಲಿನ ಹಳ್ಳಿಗಳ ಜಾತ್ರೆ, ನೇಮ, ಯಕ್ಷಗಾನಗಳ ಕಾಲ ಅಷ್ಟಕ್ಕೇ ಮುಗಿಯುವುದಿಲ್ಲ. ತುಳುವರ ಬೇಷ ತಿಂಗಳ ಹತ್ತನೆಯ ದಿನ, ಅಂದರೆ ಮೇ 24-25ರ ಸುಮಾರಿಗೆ ಬರುವ ಪತ್ತನಾಜೆಯವರೆಗೂ ಮೇಳಗಳು ತಿರುಗಾಟದಲ್ಲಿರುತ್ತವೆ. ಮಾರ್ಚ್ ದಾಟಿತೆಂದರೆ ಹಗಲಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಮೀರುವುದು ಇಲ್ಲಿ ಸಾಮಾನ್ಯ. ಕಡಲು ದೂರ, ಗಾಳಿಯಲ್ಲಿ ತೇವ ಹೆಚ್ಚು. ಬೆವರು ಆರುವುದೇ ಇಲ್ಲ.

ಈ ಸೆಕೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೇಯುವುದು ಯಾರು? ಕಿರೀಟ ಹೊತ್ತ ವೇಷಧಾರಿ ಎಂದು ಯಾರಾದರೂ ಹೇಳಬಹುದು. ಆದರೆ ರಂಗಸ್ಥಳದ ಪಕ್ಕದಲ್ಲಿ, ಯಾರ ಕಣ್ಣಿಗೂ ಬೀಳದೆ ಬೇಯುವ ಇನ್ನೊಬ್ಬ ಇದ್ದಾನೆ. ಅವನೇ ಆಂಪ್ಲಿಫೈಯರ್. ಭಾಗವತರ ಪದವೂ ರಸಮಂಜರಿಯ ಗಿಟಾರೂ ಕೊನೆಯ ಸಾಲಿನ ಕುರ್ಚಿಯನ್ನು ತಲುಪುವುದು ಅವನಿಂದ. ವೇಷಧಾರಿ ಬೆವರುತ್ತಾನೆ, ಆಂಪ್ಲಿಫೈಯರ್‌ಗೆ ಬೆವರಲು ಬಾರದು. ಮನುಷ್ಯನ ಮೈ ತಂಪಾಗುವುದು ಬೆವರು ಆವಿಯಾಗುವುದರಿಂದ. ಆದ್ದರಿಂದ ತೇವದ ಗಾಳಿ ನಮ್ಮನ್ನು ಕಾಡುತ್ತದೆ. ಯಂತ್ರಕ್ಕೆ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಗಾಳಿಯ ಉಷ್ಣತೆ ಮತ್ತು ಅದರ ಓಡಾಟ. ತೇವ ಕಾಡುವುದು ಮಳೆಗಾಲದಲ್ಲಿ, ತುಕ್ಕು ಮತ್ತು ಬೂಷ್ಟಿನ ರೂಪದಲ್ಲಿ.

ಆಂಪ್ಲಿಫೈಯರ್ ಬಿಸಿಯಾಗುವುದೇಕೆ? ಅದು ತೆಗೆದುಕೊಂಡ ವಿದ್ಯುತ್ತೆಲ್ಲ ಸ್ಪೀಕರಿಗೆ ಹೋಗುವುದಿಲ್ಲ. ಮೈಕ್‌ಸೆಟ್‌ಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ‘ಬಿ’ ವರ್ಗದ ಮಂಡಲಗಳ ದಕ್ಷತೆ ಸಿದ್ಧಾಂತದ ಪ್ರಕಾರವೇ ಶೇಕಡಾ 78.5ನ್ನು ಮೀರಲಾರದು. ಉಳಿದದ್ದೆಲ್ಲ ಶಾಖ. ಇನ್ನೊಂದು ಸೋಜಿಗವೂ ಇದೆ. ಇಂಥ ಮಂಡಲ ಅತಿ ಹೆಚ್ಚು ಬಿಸಿಯಾಗುವುದು ಪೂರ್ಣ ಶಕ್ತಿಯಲ್ಲಿ ಹಾಡುವಾಗ ಅಲ್ಲ, ಸುಮಾರು ಶೇಕಡಾ 40ರಷ್ಟು ಶಕ್ತಿಯಲ್ಲಿ. ‘ಸೌಂಡ್ ಕಡಿಮೆ ಇಟ್ಟಿದ್ದೇವೆ, ಬಿಸಿಯಾಗದು’ ಎಂಬ ನಂಬಿಕೆ ಎಲ್ಲ ವೇಳೆಯೂ ಸರಿಯಲ್ಲ. ಈಚಿನ ‘ಡಿ’ ವರ್ಗದ ಆಂಪ್ಲಿಫೈಯರ್‌ಗಳ ದಕ್ಷತೆ ಶೇಕಡಾ 90ರ ಆಸುಪಾಸಿನಲ್ಲಿರುವುದರಿಂದ ಅವು ತೂಕದಲ್ಲೂ ಹಗುರ, ಬಿಸಿಯೂ ಕಡಿಮೆ.

ದಶಕಗಳ ಕಾಲ ನಮ್ಮ ಮೈಕ್‌ಸೆಟ್‌ಗಳಲ್ಲಿ ದುಡಿದ 2ಎನ್3055 ಎಂಬ ಟ್ರಾನ್ಸಿಸ್ಟರನ್ನೇ ನೋಡೋಣ. ಅದರ ಹೊರಕವಚ 25 ಡಿಗ್ರಿಯಲ್ಲಿದ್ದರೆ ಅದು 115 ವಾಟ್ ಶಾಖವನ್ನು ತಾಳಿಕೊಳ್ಳಬಲ್ಲದು. ಕವಚ 100 ಡಿಗ್ರಿ ಮುಟ್ಟಿದರೆ ಈ ಸಾಮರ್ಥ್ಯ ಸುಮಾರು 66 ವಾಟ್‌ಗೆ ಇಳಿಯುತ್ತದೆ. 200 ಡಿಗ್ರಿಯಲ್ಲಿ ಸೊನ್ನೆ. ಸಾಲದ್ದಕ್ಕೆ, ಸಿಲಿಕಾನ್ ಟ್ರಾನ್ಸಿಸ್ಟರ್ ಬಿಸಿಯಾದಂತೆ ಅದನ್ನು ತೆರೆಯಲು ಬೇಕಾದ ವೋಲ್ಟೇಜು ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್‌ನಂತೆ ಇಳಿಯುತ್ತದೆ. ಆಗ ಹೆಚ್ಚು ವಿದ್ಯುತ್ ಹರಿಯುತ್ತದೆ, ಅದರಿಂದ ಇನ್ನಷ್ಟು ಬಿಸಿ, ಅದರಿಂದ ಇನ್ನಷ್ಟು ವಿದ್ಯುತ್. ಇಳಿಜಾರಿನಲ್ಲಿ ಬ್ರೇಕ್ ಕಳೆದುಕೊಂಡ ಬಂಡಿಯಂತೆ ಇದು ಓಡಿ, ಕೊನೆಗೆ ಟ್ರಾನ್ಸಿಸ್ಟರ್ ಸುಡುತ್ತದೆ. ಇದನ್ನು ತಡೆಯಲೆಂದೇ ಒಳ್ಳೆಯ ಸೆಟ್‌ಗಳಲ್ಲಿ ಉಷ್ಣತೆಯನ್ನು ಗಮನಿಸುವ ಪುಟ್ಟ ಡಯೋಡನ್ನು ಅಲ್ಯೂಮಿನಿಯಂ ರೆಕ್ಕೆಗಳಿರುವ ಹೀಟ್ ಸಿಂಕ್‌ಗೇ ತಾಗಿಸಿ ಕೂರಿಸಿರುತ್ತಾರೆ.

ಆ ರೆಕ್ಕೆಗಳ ಕೆಲಸ ಸರಳ. ಅಲ್ಯೂಮಿನಿಯಂ ಶಾಖವನ್ನು ಚೆನ್ನಾಗಿ ವಹಿಸುತ್ತದೆ. ರೆಕ್ಕೆಗಳು ಗಾಳಿಗೆ ತಾಗುವ ಮೈಯನ್ನು ಹೆಚ್ಚಿಸುತ್ತವೆ. ಒಂದು ಹೀಟ್ ಸಿಂಕ್ ಪ್ರತಿ ವಾಟ್ ಶಾಖಕ್ಕೆ 1 ಡಿಗ್ರಿ ಏರುವಂಥದ್ದು ಎಂದಿಟ್ಟುಕೊಳ್ಳಿ. 40 ವಾಟ್ ಶಾಖ ಬಂದರೆ ಅದು ಸುತ್ತಲಿನ ಗಾಳಿಗಿಂತ 40 ಡಿಗ್ರಿ ಮೇಲಿರುತ್ತದೆ. ಷಷ್ಠಿಯ ಕಾಲದ 20 ಡಿಗ್ರಿಯ ರಾತ್ರಿಯಲ್ಲಿ 60 ಡಿಗ್ರಿ. ಏಪ್ರಿಲ್‌ನ 36 ಡಿಗ್ರಿಯ ಸಂಜೆಯಲ್ಲಿ 76. ಅದೇ ಸೆಟ್, ಅದೇ ಪದ; ಬೇರೆಯಾದದ್ದು ಹವೆ ಮಾತ್ರ.

ಇಲ್ಲಿ ಇನ್ನೊಂದು ಬದಲಾವಣೆಯನ್ನೂ ಗಮನಿಸಬೇಕು. ಶಬ್ದಮಾಲಿನ್ಯ ತಡೆಗೆ 2000ದಲ್ಲಿ ಬಂದ ಕೇಂದ್ರದ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕದ ಬಳಕೆಗೆ ಕಡಿವಾಣ ಹಾಕಿವೆ. ಇಡೀ ರಾತ್ರಿ ಆಡುತ್ತಿದ್ದ ಹಲವು ಮೇಳಗಳು ಈಗ ಸಂಜೆಯೇ ಆರಂಭಿಸುವ ಕಾಲಮಿತಿಯ ಪದ್ಧತಿಗೆ ಬಂದಿವೆ. ಮಕ್ಕಳ ನಿದ್ದೆಗೆ ಇದು ಒಳ್ಳೆಯದು. ಆದರೆ ಹಿಂದೆ ನಡುರಾತ್ರಿಯ ತಂಪಿನಲ್ಲಿ ದುಡಿಯುತ್ತಿದ್ದ ಆಂಪ್ಲಿಫೈಯರ್ ಈಗ ಕಾದ ನೆಲದ ಮೇಲೆ, ಇಳಿಬಿಸಿಲಿನಲ್ಲೇ ಕೆಲಸ ಆರಂಭಿಸಬೇಕು.

ಬಿಸಿಯನ್ನು ಹೊರಹಾಕುವ ಪಾಠಕ್ಕೆ ಈ ಊರಿನಲ್ಲೇ ಉದಾಹರಣೆಗಳಿವೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ರೈಲುಮಾರ್ಗ ಸುಮಾರು 55 ಕಿಲೋಮೀಟರ್ ದೂರ, 57 ಸುರಂಗಗಳನ್ನು ಹಾದು ಇಳಿಯುತ್ತದೆ. ಇಂಥ ಇಳಿಜಾರಿನಲ್ಲಿ ಡೀಸೆಲ್-ವಿದ್ಯುತ್ ಎಂಜಿನ್ ತನ್ನ ಮೋಟಾರುಗಳನ್ನೇ ಜನರೇಟರುಗಳಾಗಿಸಿ, ಬಂದ ವಿದ್ಯುತ್ತನ್ನು ರೋಧಕಗಳಲ್ಲಿ ಶಾಖವಾಗಿಸಿ, ಫ್ಯಾನುಗಳಿಂದ ಗಾಳಿಗೆ ಊದಿಬಿಡುತ್ತದೆ. ಗಾಳಿ ನಿಂತರೆ ರೋಧಕ ಸುಡುತ್ತದೆ.

ಇನ್ನೊಂದು ಉದಾಹರಣೆ ಆದಿ ಸುಬ್ರಹ್ಮಣ್ಯದಲ್ಲಿದೆ. ಅಲ್ಲಿ ಪೂಜೆಗೊಳ್ಳುವುದು ಹುತ್ತ. ಪ್ರಸಾದವಾಗಿ ಸಿಗುವುದು ಹುತ್ತದ ಮಣ್ಣು, ಮೃತ್ತಿಕೆ. ಹುತ್ತ ಕಟ್ಟುವ ಗೆದ್ದಲು ಹೇಗೆ ಉಸಿರಾಡುತ್ತದೆ ಎಂಬುದನ್ನು ಎಲ್. ಮಹಾದೇವನ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಹುತ್ತಗಳಲ್ಲೇ ಅಳೆದು 2015ರಲ್ಲಿ ಪ್ರಕಟಿಸಿದರು. ಹಗಲಿನಲ್ಲಿ ಹುತ್ತದ ಹೊರಗಿನ ತೆಳು ಕೊಳವೆಗಳು ಬೇಗ ಕಾದು, ಅಲ್ಲಿನ ಗಾಳಿ ಮೇಲೇರಿ, ನಡುವಿನ ಹಾದಿಯಲ್ಲಿ ಕೆಳಗಿಳಿಯುತ್ತದೆ. ರಾತ್ರಿ ಹೊರಮೈ ತಣಿದಾಗ ಸುತ್ತಾಟ ತಿರುಗುಮುರುಗು. ಗೆದ್ದಲಿಗೆ ಬೇಕಾದದ್ದು ತಂಪಿಗಿಂತ ಹೆಚ್ಚಾಗಿ ಗಾಳಿಯ ಬದಲಾವಣೆ. ಆದರೂ ತತ್ತ್ವ ಒಂದೇ: ಬಿಸಿಗಾಳಿ ಏರುತ್ತದೆ, ಅದಕ್ಕೆ ದಾರಿಯಿದ್ದರೆ ತಂಪು ಗಾಳಿ ತಾನಾಗಿ ಒಳಬರುತ್ತದೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಉಷ್ಣಸಂವಹನ ಎಂದು ಹೆಸರು.

ಗಿಟಾರ್ ವಾದಕರಲ್ಲಿ ಹಲವರು ಇಂದಿಗೂ ನಿರ್ವಾತ ಕವಾಟಗಳ ಆಂಪ್ಲಿಫೈಯರನ್ನೇ ಮೆಚ್ಚುತ್ತಾರೆ. ಇಎಲ್34 ಎಂಬ ಒಂದು ಕವಾಟದ ತಂತಿಯನ್ನು ಕಾಯಿಸಲಿಕ್ಕೇ ಸುಮಾರು 9.5 ವಾಟ್ ಬೇಕು. ಬಿಸಿಯಾಗದೆ ಅದು ಕೆಲಸವನ್ನೇ ಮಾಡದು. ಅಲ್ಲಿ ಕವಾಟವಲ್ಲ, ಸುತ್ತಲಿನ ಭಾಗಗಳನ್ನು ಕಾಪಾಡಬೇಕು. ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಆಯುಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ತಂತ್ರಜ್ಞರ ಅಂದಾಜು.

ಹಾಗಾದರೆ ಮಾಡಬೇಕಾದದ್ದೇನು? ಸೆಟ್ಟನ್ನು ನೆಲದ ಮೇಲಿಡದೆ ಬೆಂಚಿನ ಮೇಲಿಡಬೇಕು. ಪಡುವಣದ ಬಿಸಿಲು ತಾಗಬಾರದು. ಹಿಂಬದಿಗೂ ಮೇಲಕ್ಕೂ ಒಂದು ಗೇಣು ಜಾಗ ಬಿಡಬೇಕು. ಒಂದರ ಮೇಲೊಂದು ಸೆಟ್ ಪೇರಿಸಿದರೆ ಕೆಳಗಿನದರ ಬಿಸಿ ಮೇಲಿನದಕ್ಕೆ ಉಡುಗೊರೆ. ಅಂಗಳದ ಧೂಳು ರೆಕ್ಕೆಗಳಿಗೆ ಕಂಬಳಿಯಾಗುತ್ತದೆ. ಬ್ರಷ್ಷಿನಿಂದ ಆಗಾಗ ತೆಗೆಯಬೇಕು. ಆಟ ನಡೆಯುವಾಗ ಧೂಳಿಗೆಂದು ಬಟ್ಟೆ ಹೊದಿಸಬಾರದು. ಸಣ್ಣ ಟೇಬಲ್ ಫ್ಯಾನೊಂದು ರೆಕ್ಕೆಗಳತ್ತ ಬೀಸುತ್ತಿದ್ದರೆ ದೊಡ್ಡ ಉಪಕಾರ. 8 ಓಮ್‌ನ ಎರಡು ಸ್ಪೀಕರನ್ನು ಸಮಾಂತರವಾಗಿ ಜೋಡಿಸಿದರೆ 4 ಓಮ್ ಆಗಿ ವಿದ್ಯುತ್ ಇಮ್ಮಡಿಯಾಗುತ್ತದೆ. ಸೆಟ್ಟಿನ ಹಿಂದೆ ಬರೆದ ಮಿತಿಯನ್ನು ಮೀರಿ ಸ್ಪೀಕರ್ ಸೇರಿಸಲೇಬಾರದು.

ಒದ್ದೆ ಗೋಣಿ ಹೊದಿಸುವ ಉಪಾಯ ಮಾತ್ರ ಯಾರಿಗೂ ಬೇಡ. ಮಣ್ಣಿನ ಹೂಜಿಗೆ ಸಲ್ಲುವ ಆ ತಂತ್ರ ವಿದ್ಯುತ್ ಯಂತ್ರಕ್ಕೆ ಸಲ್ಲದು. ಅಲ್ಲಿ ಹೋಗುವುದು ಸೆಟ್ಟಲ್ಲ, ಪ್ರಾಣ. ಸ್ವಿಚ್ ಆರಿಸಿದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಆದ್ದರಿಂದ ಮುಚ್ಚಳ ತೆರೆಯುವ ಕುತೂಹಲವನ್ನು ಮಕ್ಕಳು ಬಲ್ಲವರ ಜೊತೆಯಲ್ಲೇ ತೀರಿಸಿಕೊಳ್ಳಬೇಕು.

ಅಪಾಯವಿಲ್ಲದ ಪ್ರಯೋಗವೊಂದು ಮನೆಯಲ್ಲೇ ಸಾಧ್ಯ. ಒಂದೇ ಅಳತೆಯ ಎರಡು ಸ್ಟೀಲ್ ಲೋಟಗಳಿಗೆ ಬಿಸಿನೀರು ತುಂಬಿ, ಹಿರಿಯರೊಬ್ಬರು ಪಕ್ಕದಲ್ಲಿರಲಿ. ಒಂದನ್ನು ಫ್ಯಾನಿನ ಗಾಳಿಗೂ ಇನ್ನೊಂದನ್ನು ಗಾಳಿಯಾಡದ ಮೂಲೆಯಲ್ಲೂ ಇಟ್ಟು, ಐದೈದು ನಿಮಿಷಕ್ಕೆ ಥರ್ಮಾಮೀಟರಿನಿಂದ ಅಳೆದು ನಕ್ಷೆ ಬರೆಯಿರಿ. ಆರಂಭದಲ್ಲಿ ಗೆರೆ ಕಡಿದಾಗಿ ಇಳಿದು, ಆಮೇಲೆ ನಿಧಾನವಾಗುವುದು ಕಾಣುತ್ತದೆ. ವಸ್ತುವಿಗೂ ಸುತ್ತಲಿಗೂ ಇರುವ ಉಷ್ಣತೆಯ ಅಂತರ ಕಡಿಮೆಯಾದಂತೆ ತಣಿಯುವ ವೇಗವೂ ಕಡಿಮೆ ಎಂಬ ನ್ಯೂಟನ್ನನ ನಿಯಮ ಇದೇ. ಏಪ್ರಿಲ್‌ನಲ್ಲಿ ಆಂಪ್ಲಿಫೈಯರ್ ತಣಿಯದಿರುವ ಗುಟ್ಟೂ ಇದೇ.

ಮೈಕ್‌ಸೆಟ್ ಬಾಡಿಗೆಯನ್ನೇ ನಂಬಿದ ಮನೆಗಳು ಈ ಸೀಮೆಯಲ್ಲಿವೆ. ಅವರ ವರ್ಷದ ದುಡಿಮೆ ಷಷ್ಠಿಯಿಂದ ಪತ್ತನಾಜೆಯವರೆಗಿನ ಆರು ತಿಂಗಳಲ್ಲೇ ನಡೆಯಬೇಕು. ಪ್ರಸಂಗದ ನಡುವೆ ಸೆಟ್ ಸುಟ್ಟರೆ ಪ್ರೇಕ್ಷಕನಿಗೆ ಒಂದು ಪದ ತಪ್ಪೀತು. ಅವರಿಗೆ ತಪ್ಪುವುದು ಮುಂದಿನ ಹತ್ತು ಕರೆಗಳು. ಶಾಖದ ಪಾಠವನ್ನು ಪರೀಕ್ಷೆಯ ಎರಡು ಅಂಕಕ್ಕೆಂದು ಓದುವ ವಿದ್ಯಾರ್ಥಿ, ಮುಂದಿನ ಸಲ ಆಟಕ್ಕೆ ಹೋದಾಗ ರಂಗಸ್ಥಳದ ಪಕ್ಕದ ಆ ಪೆಟ್ಟಿಗೆಯ ರೆಕ್ಕೆಗಳಿಗೆ ಗಾಳಿ ತಾಗುತ್ತಿದೆಯೇ ಎಂದು ನೋಡಲಿ. ಮೇಲೆ ಬಟ್ಟೆ ಬಿದ್ದಿದ್ದರೆ ಸೆಟ್ಟಿನವರಿಗೆ ಒಂದು ಮಾತು ಹೇಳಲಿ. ಅಷ್ಟು ಸಾಕು.