ಕಣದಿಂದ ಕಣಜಕ್ಕೆ

ದಾವಣಗೆರೆಗೂ ಹರಿಹರಕ್ಕೂ ನಡುವೆ ಸುಮಾರು 14 ಕಿಲೋಮೀಟರುಗಳ ದಾರಿ. ಬಸ್ಸಿನ ಕಿಟಕಿಯ ಪಕ್ಕದಲ್ಲಿ ಕುಳಿತ ಪೇಟೆಯ ಕುಟುಂಬಕ್ಕೆ ಭತ್ತದ ಗದ್ದೆಗಳ ಹಸಿರು ಕಣ್ಣಿಗೆ ಹಬ್ಬ. ‘ಇಲ್ಲಿಯವರಿಗೆ ಅನ್ನಕ್ಕೇನು ಕೊರತೆ!’ ಎಂಬ ಉದ್ಗಾರ ಸಹಜವಾಗಿಯೇ ಹೊರಡುತ್ತದೆ. ಆದರೆ ಕಣದಿಂದ ಕಣಜಕ್ಕೆ ಇರುವ ದಾರಿ ಇದಕ್ಕಿಂತ ಬಹಳ ಉದ್ದವಾದುದು.

ಸುಗ್ಗಿಯ ದಿನ ಅದನ್ನು ಅಳೆಯಬಹುದು. ಭತ್ತ ರಾಶಿಯಾಗುವ ಹೊತ್ತಿಗೆ ಗೊಬ್ಬರದಂಗಡಿಯ ಲೆಕ್ಕ, ದಲ್ಲಾಲಿಯಿಂದ ತಂದ ಮುಂಗಡ, ಕೊಯ್ಲಿನ ಯಂತ್ರದ ಬಾಡಿಗೆ ಮೂರೂ ಕಣದ ಅಂಚಿನಲ್ಲಿ ಬಂದು ನಿಂತಿರುತ್ತವೆ. ಎಲ್ಲರ ಬೆಳೆಯೂ ಒಮ್ಮೆಗೇ ಪೇಟೆಗೆ ಬಂದು ಬೆಲೆ ಕುಸಿದ ಗಳಿಗೆಯಲ್ಲಿಯೇ ಸಾಲಗಾರ ರೈತ ಮಾರಬೇಕಾಗುತ್ತದೆ. ಕೆಲವು ತಿಂಗಳು ಕಳೆದ ಮೇಲೆ, ಭತ್ತ ಬೆಳೆದ ಮನೆಯೇ ಹೆಚ್ಚಿನ ಬೆಲೆ ತೆತ್ತು ಅಂಗಡಿಯ ಅಕ್ಕಿಯನ್ನು ಕೊಳ್ಳುವುದುಂಟು.

ಇಂಥ ಬಂಧನವನ್ನು ಸಡಿಲಿಸಲೆಂದೇ 1905ರಲ್ಲಿ ಗದಗದ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಅದರ ತತ್ತ್ವ ಸರಳವಾದುದು. ಸಂಘದಿಂದ ಸಾಲ ದೊರೆತವನು ಬೆಳೆಯನ್ನು ನಾಲ್ಕು ದಿನ ಹಿಡಿದಿಡಬಲ್ಲನು; ಹಿಡಿದಿಟ್ಟವನು ಬೆಲೆಯನ್ನು ಕುರಿತು ಮಾತನಾಡಬಲ್ಲನು; ಮನೆಯ ಊಟಕ್ಕೆ ನಾಲ್ಕು ಚೀಲ ಉಳಿಸಿಕೊಳ್ಳಬಲ್ಲನು.

ಸಾಲದಂತೆಯೇ ನೀರಿನ ಮಾತು. ಭದ್ರಾ ಬಲದಂಡೆ ನಾಲೆಯ ಮೇಲ್ಭಾಗದಲ್ಲಿ ನೀರು ಮಿತಿಮೀರಿ ಹರಿದರೆ, ಮಲೇಬೆನ್ನೂರಿನ ಆಚೆಗಿನ ಕೊನೆಯ ಗದ್ದೆಗೆ ಬಿಸಿಲೇ ಗತಿ. ಒಬ್ಬ ರೈತನ ಕೂಗು ತೂಬಿನಿಂದಾಚೆಗೆ ಕೇಳಿಸದು. ಹಲವರ ಕೂಗು ಒಂದಾದರೆ ರಾಜಧಾನಿಗೂ ಮುಟ್ಟುವುದೆಂಬುದನ್ನು 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ ತೋರಿಸಿಕೊಟ್ಟಿತು. 2023ರಲ್ಲಿ ಮಳೆ ಕೈಕೊಟ್ಟಾಗ, ಭದ್ರಾ ನಾಲೆಯ ನೀರಿಗಾಗಿ ದಾವಣಗೆರೆಯ ಸೀಮೆಯ ರೈತರು ಬೀದಿಗಿಳಿದರು.

ಇಷ್ಟಾದರೂ ಕಣಜ ತುಂಬಿತೆಂದು ಹೇಳುವಂತಿಲ್ಲ. ಮಳೆಯಾಶ್ರಿತ ಹೊಲಗಳಲ್ಲಿ ಈಗ ಮೆಕ್ಕೆಜೋಳದ್ದೇ ರಾಜ್ಯಭಾರ. ಅದರ ಬಹುಭಾಗ ಕೋಳಿಯ ಆಹಾರಕ್ಕೂ ಕಾರ್ಖಾನೆಗೂ ಸಾಗುತ್ತದೆ. ಒಲೆಯ ಮೇಲಿನ ಪಾತ್ರೆಗೆ ಬರುವುದಿಲ್ಲ. ರಾಗಿ ಜೋಳಗಳ ನಡುವೆ ಅಕ್ಕಡಿ ಸಾಲಿನಲ್ಲಿ ಬೆಳೆಯುತ್ತಿದ್ದ ತೊಗರಿ, ಅವರೆ, ಅಲಸಂದೆಗಳು ವಿರಳವಾದವು. 2013ರಲ್ಲಿ ಆರಂಭವಾದ ಅನ್ನಭಾಗ್ಯದಿಂದ ಬಡವರ ಮನೆಗೆ ಅಕ್ಕಿಯೇನೋ ಬಂತು. ಆದರೆ ಅನ್ನದ ಮೇಲೆ ಸುರಿಯುವ ಸಾರಿಗೆ ಬೇಳೆಯೂ ಬೇಕಷ್ಟೆ!

ಈ ಕೊರತೆಯನ್ನು ಮೊದಲು ಅರಿಯುವವಳು ಗೃಹಿಣಿ. ಬೇಳೆಯ ಡಬ್ಬಿಯ ತಳ ಕಂಡಾಗ ಆಕೆಯೇ ಸಾರನ್ನು ತೆಳುಮಾಡುತ್ತಾಳೆ. ಎಲ್ಲರೂ ಉಂಡ ಬಳಿಕ ಉಳಿದುದನ್ನು ಉಣ್ಣುತ್ತಾಳೆ. ಆದರೆ ಪಹಣಿ ಗಂಡನ ಹೆಸರಿನಲ್ಲಿರುವುದರಿಂದ ಎಷ್ಟೋ ಕಡೆ ಸಂಘದ ಸದಸ್ಯತ್ವವೂ ಅವನದೇ. ಸಭೆಯಲ್ಲಿ ಕ್ವಿಂಟಾಲಿನ ಬೆಲೆಯನ್ನು ಕುರಿತು ಚರ್ಚೆ ನಡೆಯುತ್ತದೆ. ಪಾತ್ರೆಯ ಅಳತೆಯನ್ನು ಬಲ್ಲವಳು ಮನೆಯಲ್ಲಿ ಉಳಿದಿರುತ್ತಾಳೆ.

ಸಾಲ, ನೀರು, ಬೆಲೆ ಇವು ಮೂರನ್ನೂ ತರುವ ಶಕ್ತಿ ರೈತರ ಒಗ್ಗಟ್ಟಿಗೆ ಉಂಟು. ಕಣದ ಧಾನ್ಯವನ್ನು ಕಣಜಕ್ಕೆ ತಿರುಗಿಸಲು ಇನ್ನೊಂದು ಮಾತು ಬೇಕು. ಚೀಲದ ಬಾಯಿ ಹೊಲಿಯುವ ಮುನ್ನ ಗೃಹಿಣಿ ಮೆಲ್ಲಗೆ ಕೇಳುವ ಪ್ರಶ್ನೆ ಅದು: “ಮನೀಗೆ ಎಷ್ಟು ಇಟ್ಕೊಂಡ್ರಿ?” ಈ ಪ್ರಶ್ನೆ ಸಂಘದ ಸಭೆಯಲ್ಲಿಯೂ ಗಟ್ಟಿಯಾಗಿ ಕೇಳಿಬಂದ ದಿನ, ಹರಿಹರದ ಬಸ್ಸಿನಲ್ಲಿ ಹೊರಟ ಆ ಉದ್ಗಾರ ನಿಜವಾದೀತು.