ಮನೆಗೊಂದು ಬೇರೆ ಮಡಿ

ನಮ್ಮ ಮಂಡ್ಯದ ಕಡೆ ಬೆಳೆಗೆ ಹೊಡೆಯುವ ವಿಷವನ್ನು ಯಾರೂ ವಿಷವೆಂದು ಕರೆಯುವುದಿಲ್ಲ, ‘ಔಷಧಿ’ ಎನ್ನುತ್ತೇವೆ. ‘ಬದನೆಗೆ ಔಷಧಿ ಹೊಡೆದಾಯ್ತಾ?’ ಎಂದು ವಿಚಾರಿಸುವ ಧ್ವನಿಯಲ್ಲಿ, ಜ್ವರ ಬಂದ ಮಗುವಿಗೆ ಮಾತ್ರೆ ಕೊಟ್ಟಾಯಿತೇ ಎಂದು ವಿಚಾರಿಸುವಷ್ಟೇ ಅಕ್ಕರೆ ಇರುತ್ತದೆ. ಅದೇ ಡಬ್ಬಿಯಲ್ಲಿದ್ದದ್ದು ಮನುಷ್ಯನ ಹೊಟ್ಟೆ ಸೇರಿದಾಗ ಮಾತ್ರ ಅದರ ನಿಜವಾದ ಹೆಸರು ನಮ್ಮ ಬಾಯಿಗೆ ಬರುತ್ತದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಶಾಲೆಯಲ್ಲಿ ಕನ್ನಡ ಪಾಠ ಹೇಳಿದ ನಾನು ಈ ಪದದ ವಿಚಿತ್ರವನ್ನು ಗಮನಿಸಿದ್ದು ನಿವೃತ್ತನಾದ ಮೇಲೆ. ಅದೂ ಒಂದು ಲೋಡು ಮಿಡಿಸೌತೆಯ ದೆಸೆಯಿಂದ.

ನಾನಿರುವುದು ಶ್ರೀರಂಗಪಟ್ಟಣದಲ್ಲಿ. ತಂದೆಯವರಿಂದ ಬಂದ ಒಂದೂವರೆ ಎಕರೆ ನಾಲೆಯ ಬಯಲು ಪಾಂಡವಪುರದ ಹತ್ತಿರವಿದೆ. ಅದನ್ನು ಆ ಊರಿನವರೊಬ್ಬರು ವಾರಕ್ಕೆ ಮಾಡುತ್ತಾರೆ. ತಾಯಿಯ ತವರು ಕೆ.ಆರ್. ಪೇಟೆ. ಚಿಕ್ಕಪ್ಪನ ಮನೆ ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂಬ ಹೆಸರಿತ್ತು. ಇಂಗ್ಲಿಷರ ಕಾಗದಪತ್ರಗಳಲ್ಲಿ ಅದು ‘ಫ್ರೆಂಚ್ ರಾಕ್ಸ್’. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು. ಯೂರೋಪಿಗೂ ನಮ್ಮ ನೆಲಕ್ಕೂ ಇದ್ದ ನಂಟು ಆ ಬಂಡೆಯ ಹಳೆಯ ಹೆಸರಿನೊಂದಿಗೆ ಮುಗಿದುಹೋಯಿತೆಂದು ನಾನು ಭಾವಿಸಿದ್ದೆ. ಹಾಗಲ್ಲವೆಂದು ತಿಳಿದದ್ದು 2019ರಲ್ಲಿ.

ಚಿಕ್ಕಪ್ಪನ ಕೆಂಪು ಬೆದ್ದಲಿಗೆ ನಾಲೆಯ ನೀರಿಲ್ಲ. ರಾಗಿ, ಹುರುಳಿ, ಬದುವಿನಲ್ಲಿ ನಾಲ್ಕು ತೆಂಗು. ಕೊಳವೆಬಾವಿಯಲ್ಲಿ ಎರಡಿಂಚು ನೀರು ಸಿಕ್ಕಿದ ಮೇಲೆ ಚಿಕ್ಕಪ್ಪನ ಮಗ ಅರ್ಧ ಎಕರೆಗೆ ಮಿಡಿಸೌತೆ ಹಾಕಿದ. ನಮ್ಮ ರಾಜ್ಯದಲ್ಲಿ 1990ರ ದಶಕದಿಂದ ಒಪ್ಪಂದದ ಮೇಲೆ ಬೆಳೆಯುವ ಬೆಳೆ ಇದು. ಬೀಜ, ಗೊಬ್ಬರ, ಔಷಧಿ ಎಲ್ಲವನ್ನೂ ಕಂಪೆನಿಯವರೇ ಸಾಲವಾಗಿ ಕೊಟ್ಟು, ಕಾಯಿ ಕೊಂಡಾಗ ಮುರಿದುಕೊಳ್ಳುತ್ತಾರೆ. ಬಿತ್ತಿದ ಐದಾರು ವಾರಕ್ಕೆ ಕೊಯ್ಲು ಆರಂಭ. ಆಮೇಲೆ ಪ್ರತಿದಿನವೂ ಬಿಡಿಸಬೇಕು. ಒಂದು ದಿನ ತಪ್ಪಿದರೆ ಕಾಯಿ ಉಬ್ಬಿ ಬೆಲೆ ಬೀಳುತ್ತದೆ. ಕಿರುಬೆರಳಿನಷ್ಟಿದ್ದರೆ ಹೆಚ್ಚು ದರ. ನಮ್ಮ ಊರುಗಳಲ್ಲಿ ಅದನ್ನು ತಿನ್ನುವವರಿಲ್ಲ. ಉಪ್ಪುನೀರಿನಲ್ಲೋ ವಿನೆಗರಿನಲ್ಲೋ ಮುಳುಗಿ ಅದು ಯೂರೋಪು, ಅಮೆರಿಕ, ರಷ್ಯಾದ ಊಟದ ಮೇಜುಗಳಿಗೆ ಹೋಗುತ್ತದೆ.

ಕಂಪೆನಿಯ ಹುಡುಗ ವಾರಕ್ಕೆರಡು ಸಲ ಬಂದು, ಯಾವ ದಿನ ಏನು ಹೊಡೆದಿರಿ, ಎಷ್ಟು ಹೊಡೆದಿರಿ ಎಂದು ಪುಸ್ತಕದಲ್ಲಿ ಬರೆಸಿಕೊಳ್ಳುತ್ತಿದ್ದ. ತಾನು ಕೊಟ್ಟದ್ದನ್ನು ಬಿಟ್ಟು ಬೇರೇನನ್ನೂ ಹೊಡೆಯಕೂಡದೆಂದು ಅವನ ಕಟ್ಟಪ್ಪಣೆ. ಆದರೆ ಒಂದು ವಾರ ಹುಳುವಿನ ಕಾಟ ಹೆಚ್ಚಾಯಿತು. ಹುಡುಗ ಬರಲಿಲ್ಲ. ತಮ್ಮ ಕಂಗಾಲಾಗಿ ಅಂಗಡಿಯಿಂದ ಮೋನೋಕ್ರೋಟೋಫಾಸ್ ತಂದು ಹೊಡೆದ. ಹತ್ತು ದಿನ ಕಳೆದ ಮೇಲೆ ಅವನ ಮಾಲು ಹಿಂದಕ್ಕೆ ಬಂತು. ಪರೀಕ್ಷೆಯಲ್ಲಿ ಉಳಿಕೆ ಸಿಕ್ಕಿದೆ, ಈ ಕಾಯಿ ಯೂರೋಪಿಗೆ ಆಗದು ಎಂದರು. ಕೊಟ್ಟ ಸಾಲ ಹಾಗೆಯೇ ನಿಂತಿತು.

ಸುದ್ದಿ ಕೇಳಿ ನಾನು ಹೋದಾಗ ಚೀಲಗಳು ಜಗುಲಿಯ ಪಕ್ಕದಲ್ಲಿ ಬಿದ್ದಿದ್ದವು. ಚಿಕ್ಕಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ‘ಮೇಷ್ಟ್ರಾಗಿದ್ದೋನು, ನೀನೇ ಹೇಳು ಮಗ. ಅವ್ರ ಮಕ್ಕಳು ತಿನ್ನಬಾರದು ಅಂದದ್ದನ್ನ ನಮ್ಮ ಹಸಕ್ಕೆ ಹಾಕ್ಬೋದಾ?’ ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ಕಾಯಿಯನ್ನು ಗುಂಡಿ ತೋಡಿ ಮುಚ್ಚಿದರು. ಹಿಂದಿರುಗುವಾಗ ಆ ಪ್ರಶ್ನೆ ನನ್ನೊಂದಿಗೇ ಬಸ್ಸು ಹತ್ತಿತು.

ಆ ಮೇಲೆ ನಾನು ಈ ‘ಯೂರೋಪಿನ ಕಾನೂನು’ ಎಂದರೇನೆಂದು ಹುಡುಕಿ ಓದಿದೆ. ಐರೋಪ್ಯ ಒಕ್ಕೂಟ ಮುಖ್ಯವಾಗಿ ಎರಡು ಬಗೆಯಲ್ಲಿ ಕಾನೂನು ಮಾಡುತ್ತದೆ. ಮೊದಲನೆಯದು, ಎಲ್ಲ ಸದಸ್ಯ ರಾಷ್ಟ್ರಗಳಲ್ಲೂ ನೇರವಾಗಿ ಜಾರಿಗೆ ಬರುವ ನಿಯಮ. ಎರಡನೆಯದು, ತಲುಪಬೇಕಾದ ಗುರಿಯನ್ನಷ್ಟೇ ಹೇಳುವ ನಿರ್ದೇಶನ. ಅದನ್ನು ಪ್ರತಿಯೊಂದು ರಾಷ್ಟ್ರವೂ ತನ್ನ ಶಾಸನವಾಗಿ ಬರೆದುಕೊಳ್ಳಬೇಕು. ಆಹಾರದಲ್ಲಿ ಕೀಟನಾಶಕದ ಉಳಿಕೆ ಎಷ್ಟಿರಬಹುದೆಂಬುದು ಮೊದಲ ಬಗೆಯದು. 2005ರಲ್ಲಿ ಮಾಡಿದ ಈ ನಿಯಮದ ಮಿತಿಗಳು 2008ರ ಸೆಪ್ಟೆಂಬರಿನಿಂದ ಒಕ್ಕೂಟಕ್ಕೆಲ್ಲ ಒಂದೇ ಆದವು. ಒಂದು ರಾಸಾಯನಿಕಕ್ಕೆ ಪ್ರತ್ಯೇಕ ಮಿತಿ ಗೊತ್ತುಮಾಡಿಲ್ಲದಿದ್ದರೆ ಕಿಲೋಗೆ 0.01 ಮಿಲಿಗ್ರಾಂ ಎಂಬುದೇ ಮಿತಿ. ಅಂದರೆ ನೂರು ಟನ್ ಕಾಯಿಯಲ್ಲಿ ಒಂದು ಗ್ರಾಂ. ಹತ್ತು ಟನ್ನಿನ ಹತ್ತು ಲಾರಿಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳಿಗೆಲ್ಲ ಒಂದು ಚಿಟಿಕೆ ಪುಡಿಯನ್ನು ಹಂಚಿದಂತೆ.

2009ರ ಮತ್ತೊಂದು ನಿರ್ದೇಶನ ಎರಡನೆಯ ಬಗೆಯದು. ಅದರಂತೆ ಕೀಟನಾಶಕ ಮಾರುವವರಿಗೂ, ಅದನ್ನು ಬಳಸುವ ಕೃಷಿಕರಿಗೂ ತರಬೇತಿ ಮತ್ತು ಪ್ರಮಾಣಪತ್ರ ಬೇಕು. ಸಿಂಪಡಿಸುವ ಯಂತ್ರಗಳನ್ನು ಕಾಲಕಾಲಕ್ಕೆ ತಪಾಸಣೆಗೆ ಒಡ್ಡಬೇಕು. ವಿಶೇಷ ಅನುಮತಿಯಿಲ್ಲದೆ ಆಕಾಶದಿಂದ ಸಿಂಪಡಿಸಕೂಡದು. ಇದನ್ನು ಓದುವಾಗ ಕಾಸರಗೋಡು ನೆನಪಾಗದೆ ಇರಲಿಲ್ಲ. ಅಲ್ಲಿನ ಗೋಡಂಬಿ ತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, 2000ದವರೆಗೂ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಕೆಳಗೆ ಮನೆಗಳಿದ್ದವು, ಬಾವಿಗಳಿದ್ದವು, ಮಕ್ಕಳಿದ್ದರು. ಯೂರೋಪು ಅದನ್ನು ಕೈಬಿಡಲು ತೀರ್ಮಾನಿಸಿದ್ದು 2005ರಲ್ಲಿ. ನಮ್ಮ ಸುಪ್ರೀಂ ಕೋರ್ಟು ದೇಶಾದ್ಯಂತ ತಡೆದದ್ದು 2011ರ ಮೇ 13ರಂದು.

ಹಾಗಾದರೆ ನಮ್ಮಲ್ಲಿ ಕಾನೂನೇ ಇಲ್ಲವೇ? ಇದೆ. ನನ್ನನ್ನು ನಿಜವಾಗಿ ಕಾಡಿದ ಸಂಗತಿ ಇದು. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ತಗುಲಿದ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತ ಮೇಲೆ ನಡೆದ ವಿಚಾರಣೆಯ ಫಲವಾಗಿ 1968ರ ಕೀಟನಾಶಕ ಕಾಯಿದೆ ಬಂತು. ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳಿರುವುದು ಅದರಡಿಯ ನಿಯಮಗಳಿಂದಲೇ. ಮೋನೋಕ್ರೋಟೋಫಾಸನ್ನು ತರಕಾರಿಗೆ ಬಳಸಕೂಡದೆಂದು 2005ರಲ್ಲೇ ಆಜ್ಞೆಯಾಗಿತ್ತು. 2013ರ ಜುಲೈಯಲ್ಲಿ ಬಿಹಾರದ ಒಂದು ಶಾಲೆಯಲ್ಲಿ ಬಿಸಿಯೂಟ ಮಾಡಿ ತೀರಿಕೊಂಡ 23 ಮಕ್ಕಳ ಹೊಟ್ಟೆ ಸೇರಿದ್ದೂ ಅದೇ ವಿಷ. ಮಿತಿ ಗೊತ್ತುಪಡಿಸದ ಕೀಟನಾಶಕಗಳಿಗೆ ನಮ್ಮ ಆಹಾರ ಸುರಕ್ಷತಾ ನಿಯಮಗಳಲ್ಲಿ ಬರೆದಿದ್ದ ಸಾಮಾನ್ಯ ಮಿತಿಯೂ ಅದೇ 0.01 ಮಿಲಿಗ್ರಾಂ!

ಹಾಗಿದ್ದರೆ ವ್ಯತ್ಯಾಸವಿದ್ದದ್ದು ಎಲ್ಲಿ? ತಮ್ಮನ ಮಿಡಿಸೌತೆ ಹಡಗು ಹತ್ತಬೇಕಾಗಿತ್ತು. ಆದ್ದರಿಂದ ಅದನ್ನು ಒಬ್ಬರು ಪರೀಕ್ಷಿಸಿದರು. ಅದೇ ವಾರ, ಅದೇ ಡಬ್ಬಿಯಲ್ಲಿ ಉಳಿದದ್ದನ್ನು ಅವನು ಬದಿಯ ಮಡಿಗಳ ಬದನೆಗೂ ಹೊಡೆದಿದ್ದ. ಆ ಬದನೆ ಕೆ.ಆರ್. ಪೇಟೆಯ ಸಂತೆಗೆ ಹೋಯಿತು. ಯಾರೂ ಹಿಂದಕ್ಕೆ ಕಳುಹಿಸಲಿಲ್ಲ. ಹೊಳಪಿತ್ತು, ತೂತಿರಲಿಲ್ಲ, ಒಳ್ಳೆಯ ಬೆಲೆಯೂ ಬಂತು. ಆ ವಿಷ ಗಿಡದ ರಸದಲ್ಲೇ ಬೆರೆಯುವಂಥದ್ದು. ಮೇಲೆ ತೊಳೆದರೆ ಪೂರ್ತಿ ಹೋಗುವುದಿಲ್ಲ. ಆ ಸಂತೆಯಲ್ಲಿ ಬದನೆ ಕೊಂಡವರಲ್ಲಿ ನನ್ನ ತಾಯಿಯ ತವರಿನವರೂ ಇದ್ದಿರಬಹುದು.

ತಮ್ಮನ ಮೇಲೆ ಸಿಟ್ಟು ಬಂತು. ಆದರೆ ಆ ಸಿಟ್ಟು ನನ್ನ ಮನೆಯ ಬಾಗಿಲವರೆಗೆ ಮಾತ್ರ ಉಳಿಯಿತು. ಒಳಗೆ ಅಡಿಗೆಮನೆಯಲ್ಲಿ ಪಾಂಡವಪುರದಿಂದ ಬಂದ ತರಕಾರಿಯ ಚೀಲವಿತ್ತು.

ಆ ಚೀಲದ ಕಥೆ ಹೇಳಲೇಬೇಕು. ನಮ್ಮ ಜಮೀನು ಮಾಡುವವರು ಕಬ್ಬಿನ ಪಕ್ಕದಲ್ಲಿ ಹತ್ತು ಗುಂಟೆ ತರಕಾರಿ ಬೆಳೆಯುತ್ತಾರೆ. ವಾರಕ್ಕೊಮ್ಮೆ ನನಗೆ ಒಂದು ಚೀಲ ಬರುತ್ತದೆ. ಬಹಳ ವರ್ಷಗಳ ಹಿಂದೆ ಅವರೇ ಹೇಳಿದ್ದರು: ‘ಮೇಷ್ಟ್ರೇ, ನಿಮ್ಮ ಮನೆಗೂ ನಮ್ಮ ಮನೆಗೂ ಅಂತ ಒಂದು ಬೇರೆ ಮಡಿ ಇಟ್ಟಿದ್ದೀನಿ. ಅದಕ್ಕೆ ಔಷಧಿ ಹೊಡೆಯಾಕಿಲ್ಲ.’ ನಾನು ಅದನ್ನು ಅವರ ಪ್ರೀತಿಯೆಂದು ತಿಳಿದು ಸಂತೋಷಪಟ್ಟಿದ್ದೆ. ಮನೆಗೆ ಬಂದವರ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದೂ ಉಂಟು. ಉಳಿದ ಒಂಬತ್ತು ಗುಂಟೆಯ ಕಾಯಿ ಮೈಸೂರಿನ ಮಂಡಿಗೆ ಹೋಗುತ್ತದೆ, ಅದನ್ನು ತಿನ್ನುವ ಮನೆಗಳಲ್ಲೂ ಮೊಮ್ಮಕ್ಕಳಿರುತ್ತಾರೆ ಎಂಬ ಯೋಚನೆ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ನನಗೆ ಬರಲಿಲ್ಲ. ಅದರ ಹಣದಲ್ಲಿ ನನ್ನ ಪಾಲೂ ಇತ್ತು.

ಯೂರೋಪಿನವರನ್ನು ದೂರುವುದು ಸುಲಭ; ದೂರಲು ಕಾರಣವೂ ಇದೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕಿದ್ದ ಅನುಮತಿಯನ್ನು ಐರೋಪ್ಯ ಒಕ್ಕೂಟದ ನ್ಯಾಯಾಲಯ 2007ರ ಜುಲೈಯಲ್ಲಿ ರದ್ದುಮಾಡಿತು. ತಮ್ಮ ಹೊಲಕ್ಕೆ ಸಲ್ಲದ ಅದನ್ನು ಆಮೇಲೂ ವರ್ಷಗಟ್ಟಲೆ ಇಂಗ್ಲೆಂಡಿನಲ್ಲಿ ತಯಾರಿಸಿ ಹೊರದೇಶಗಳಿಗೆ ಮಾರಿದರು. ಅವರೂ ತಮ್ಮ ಮನೆಗೊಂದು ಬೇರೆ ಮಡಿ ಇಟ್ಟುಕೊಂಡವರೇ. ಆದರೆ ಫ್ರಾನ್ಸ್ 2018ರಲ್ಲಿ ಒಂದು ಶಾಸನ ಮಾಡಿತು: ಒಕ್ಕೂಟದಲ್ಲಿ ಒಪ್ಪಿಗೆಯಿಲ್ಲದ ಕೀಟನಾಶಕಗಳನ್ನು 2022ರ ಜನವರಿ 1ರಿಂದ ತನ್ನ ನೆಲದಲ್ಲಿ ತಯಾರಿಸಿ ಹೊರದೇಶಕ್ಕೂ ಕಳುಹಿಸಕೂಡದು. ಉದ್ಯಮದವರು ಪ್ರಶ್ನಿಸಿದಾಗ ಅಲ್ಲಿನ ಸಂವಿಧಾನ ಮಂಡಳಿ 2020ರ ಜನವರಿಯಲ್ಲಿ ಆ ಶಾಸನವನ್ನು ಎತ್ತಿಹಿಡಿಯಿತು. ಸಿದ್ಧ ಔಷಧಿಯನ್ನು ತಡೆದ ಆ ಶಾಸನ ಮೂಲ ರಾಸಾಯನಿಕವನ್ನು ಪೂರ್ತಿ ತಡೆಯಲಿಲ್ಲವೆಂಬ ದೂರುಗಳೂ ಆಮೇಲೆ ಬಂದವು. ಆದರೂ, ‘ನನ್ನ ಮಗು ತಿನ್ನಬಾರದ್ದನ್ನು ನಿನ್ನ ಮಗುವಿಗೂ ಮಾರೆನು’ ಎಂಬ ಮಾತನ್ನು ಒಂದು ದೇಶ ಶಾಸನದಲ್ಲಿ ಬರೆಯಿತಲ್ಲ! ಅದನ್ನು ಓದಿದ ದಿನ ನನಗೆ ಫ್ರೆಂಚ್ ರಾಕ್ಸಿನ ನನ್ನ ಒಂದೂವರೆ ಎಕರೆ ನೆನಪಾಯಿತು. ಒಂದು ದೇಶಕ್ಕೆ ಆದದ್ದು ಒಂದು ಜಮೀನಿಗೆ ಆಗದೇ?

ಪಾಂಡವಪುರಕ್ಕೆ ಹೋಗಿ ಬದುವಿನ ಮೇಲೆ ಕೂತು ಮಾತು ತೆಗೆದೆ. ‘ಇನ್ನು ನಮ್ಮ ಮನೆಗೆ ಬೇರೆ ಮಡಿ ಬೇಡ. ಮಂಡಿಗೆ ಹೋಗುವುದನ್ನೇ ನಮಗೂ ಕೊಡಿ’ ಎಂದೆ. ಅವರು ನಕ್ಕರು. ‘ಹುಳ ಬಿದ್ದ ಬದನೇನ ಯಾರು ತಗೋತಾರೆ ಮೇಷ್ಟ್ರೇ? ನಿಮ್ಮಂಥೋರೇ ಒಂದೊಂದನ್ನೂ ತಿರುಗಿಸಿ ನೋಡಿ ತೂತಿದ್ರೆ ಪಕ್ಕಕ್ಕೆ ಹಾಕ್ತೀರಿ’ ಎಂದರು. ಮಾತು ನೆಟ್ಟಗೆ ನನಗೇ ತಾಗಿತು. ಸಂತೆಯಲ್ಲಿ ಬದನೆಯನ್ನು ತಿರುಗಿಸಿ ನೋಡುವ ಕೈ ನನ್ನದೂ ಹೌದು.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಹುಳು ಬಿದ್ದ ತುದಿಗಳನ್ನು ಮೊದಲೇ ಕಿತ್ತು ಸುಡುವುದು, ಗಂಡು ಪತಂಗಗಳನ್ನು ಹಿಡಿಯುವ ಮೋಹಕ ಬಲೆ ಕಟ್ಟುವುದು, ಬೇವಿನ ಬೀಜದ ಕಷಾಯ ಹೊಡೆಯುವುದು. ತೀರ ಅನಿವಾರ್ಯವಾದರೆ ತರಕಾರಿಗೆ ಒಪ್ಪಿಗೆಯಿರುವುದನ್ನು ಮಾತ್ರ ಹೊಡೆದು, ಚೀಟಿಯಲ್ಲಿ ಬರೆದಷ್ಟು ದಿನ ಕಾಯಿ ಬಿಡಿಸದಿರುವುದು. ಅದರಿಂದಾಗುವ ನಷ್ಟದಲ್ಲಿ ಅರ್ಧ ನನ್ನದು. ಮೊದಲ ವರ್ಷ ನಷ್ಟವಾಯಿತು, ಕೊಟ್ಟೆ. ಎರಡನೆಯ ವರ್ಷ ಕಡಿಮೆಯಾಯಿತು. ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಒಂದು ಸಲ ಅವರು ನನಗೆ ಹೇಳದೆ ಹೊಡೆದಿದ್ದರು. ಬಳಿಕ ತಾವೇ ಒಪ್ಪಿಕೊಂಡರು. ಮಗಳ ಮದುವೆಯ ವರ್ಷ ಅದು. ನಾನು ಏನೂ ಅನ್ನಲಿಲ್ಲ.

2023ರಲ್ಲಿ ಕೇಂದ್ರ ಸರ್ಕಾರ, ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುತ್ತಿದ್ದ ಶೇಕಡ 36ರ ಮೋನೋಕ್ರೋಟೋಫಾಸನ್ನು ನಿಷೇಧಿಸಿತು. ಇದ್ದ ದಾಸ್ತಾನು ಮುಗಿಸಲು ಕಾಲಾವಕಾಶವನ್ನೂ ಕೊಟ್ಟಿತು. ಪತ್ರಿಕೆಯಲ್ಲಿ ಅದನ್ನು ಓದಿ ತಮ್ಮನಿಗೆ ಫೋನು ಮಾಡಿದೆ. ‘ಗೊತ್ತಾಯ್ತಣ್ಣ’ ಎಂದ. ಸ್ವಲ್ಪ ಸುಮ್ಮನಿದ್ದು, ‘ಆವತ್ತು ಅವ್ವ ಕೇಳಿದ್ದು ನೆನಪೈತಾ?’ ಎಂದ.

ನೆನಪಿದೆ. ಚಿಕ್ಕಮ್ಮನಿಗೆ ಈಗ ಕಣ್ಣು ಮಂಜಾಗಿದೆ. ಆದರೂ ಹಸುವಿನ ಬಾನಿಗೆ ಹಾಕುವ ಮೊದಲು ಪ್ರತಿಯೊಂದು ಸೊಪ್ಪನ್ನೂ ಮೂಸಿ ನೋಡುತ್ತಾರೆ. ಬಾಯಿಲ್ಲದ ಪ್ರಾಣಿಗೆ ಏನು ಹಾಕಬೇಕೆಂದು ಅಷ್ಟು ಯೋಚಿಸುವವರು ಅವರು. ಕಾನೂನು ದೆಹಲಿಯಲ್ಲಿ ಬರೆಯಲಿ, ಬ್ರಸೆಲ್ಸಿನಲ್ಲಿ ಬರೆಯಲಿ. ಅದು ಕೊನೆಗೆ ನಿಲ್ಲಬೇಕಾದದ್ದು ಬದುವಿನ ಮೇಲೆ ಪಂಪು ಹೊತ್ತವನ ಕೈಯಲ್ಲಿ ಮತ್ತು ಸಂತೆಯಲ್ಲಿ ಕಾಯಿ ಆರಿಸುವ ನಮ್ಮ ಕೈಯಲ್ಲಿ. ಮೊನ್ನೆ ಪಾಂಡವಪುರದ ಚೀಲದಲ್ಲಿ ಬಂದ ಬದನೆಯಲ್ಲಿ ಎರಡಕ್ಕೆ ತೂತಿತ್ತು. ಮನೆಯಾಕೆ ಹುಳು ತಿಂದ ಭಾಗವನ್ನು ಕೊಯ್ದು ತೆಗೆದು, ಉಳಿದದ್ದನ್ನು ಸಾರಿಗೆ ಹಾಕಿದಳು. ಮೊಮ್ಮಗಳು ಎರಡು ಸಲ ಬಡಿಸಿಕೊಂಡಳು.