ಬುರುಡೆಯೊಳಗಿನ ಅಂಬಲಿ

ನಮ್ಮ ಜತ್ತ ತಾಲ್ಲೂಕಿನ ಕುರಿಗಾಹಿಗೆ ಕಂಬಳಿ, ಕೋಲು, ನಾಯಿ ಎಷ್ಟು ಮುಖ್ಯವೋ, ಹೆಗಲಿಗೆ ತೂಗುಹಾಕಿದ ಸೋರೆಬುರುಡೆಯೂ ಅಷ್ಟೇ ಮುಖ್ಯವಾಗಿತ್ತು. ಬಲಿತ ಸೋರೆಯನ್ನು ಒಣಗಿಸಿ, ಬೀಜ ಉದುರಿಸಿ, ಕಹಿ ಹೋಗುವವರೆಗೆ ಮತ್ತೆ ಮತ್ತೆ ನೀರು ತುಂಬಿ ಚೆಲ್ಲಿದರೆ ಪಾತ್ರೆ ಸಿದ್ಧ. ಒಳಗೆ ಜೋಳದ ಅಂಬಲಿ. ರಾತ್ರಿಯೇ ಹಿಟ್ಟು ಕಲಸಿ ಹುಳಿಗಿಟ್ಟು, ಬೆಳಿಗ್ಗೆ ಕುದಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಬೆರೆಸಿದ್ದು. ಮಾಡಗ್ಯಾಳ ಕುರಿಗೆ ಹೆಸರಾದ ಈ ಬರದ ನಾಡಿನಲ್ಲಿ ಅದೇ ನೀರು, ಅದೇ ಊಟ. ವಿಲಾಯತಿಯ ಬೇಟೆಗಾರ ಜೇಬಿನಲ್ಲಿ ವಿಸ್ಕಿ ಒಯ್ದದ್ದು ಚಳಿಗೆ, ನಮ್ಮವರದು ಬಿಸಿಲಿಗೆ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಜತ್ತ ಮುಂಬಯಿ ರಾಜ್ಯದಲ್ಲೇ ಉಳಿದು, 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು. ಆದರೆ ಗಡಿಯ ಗೆರೆ ಅಂಬಲಿಗೆ ತಾಗಲಿಲ್ಲ. ಮರಾಠಿ ನೆರೆಯವರು ಅದನ್ನೇ ಆಂಬೀಲ ಎಂದು ಕುಡಿಯುತ್ತಾರೆ. ಶುಂಠಿ, ಹಸಿಮೆಣಸು ಜಜ್ಜಿ ಹಾಕಿದ ಮಲೆಯಾಳದ ಸಂಭಾರವೂ ಇದರ ನೆಂಟನೇ.

ಬುರುಡೆಯ ಜಾಗಕ್ಕೆ ಪ್ಲಾಸ್ಟಿಕ್ ಬಾಟಲಿ ಬಂದಿದೆ. ಹಗುರ, ಅಗ್ಗ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮರಾಠಿ ಶಾಲೆಯಲ್ಲಿ ಓದುವ ನನ್ನ ಮಗಳಿಗೆ ಬುರುಡೆ ಎಂಬ ಮಾತೇ ಗೊತ್ತಿಲ್ಲ. ವಸ್ತು ಹೋದಾಗ ಅದರ ಹೆಸರೂ ಸದ್ದಿಲ್ಲದೆ ಹೋಗುತ್ತದೆ. ಈ ವರ್ಷ ಹಿತ್ತಲ ಬೇಲಿಗೆ ಸೋರೆಬಳ್ಳಿ ಹಬ್ಬಿಸಿದ್ದೇನೆ. ಕಾಯಿ ಬಲಿಯಲಿ, ಒಣಗಿಸುವ ಕೆಲಸ ಅವಳದೇ.